ಮೂಗಿನ ಮೇಲೆ ವೆಲ್ವೆಟ್ ದಿಂಬು

ಒಂದು ಊದುಬತ್ತಿ ಕಾರ್ಖಾನೆ ಇತ್ತು. ಅಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ.

ನಗಬೇಡಿ ಮಕ್ಕಳೇ. ತರಗತಿಯಲ್ಲಿ ಮಾತಾಡಬಾರದು ಎಂದರೆ ನೀವು ಮೇಷ್ಟ್ರ ಕಣ್ಣು ತಪ್ಪಿಸಿ ಪಿಸುಗುಟ್ಟುತ್ತೀರಿ. ಕೆಮ್ಮನ್ನು ಪಿಸುಗುಟ್ಟಲು ಬರುವುದಿಲ್ಲ. ಬೇಕಾದರೆ ಮನೆಯಲ್ಲಿ ಪ್ರಯತ್ನಿಸಿ ನೋಡಿ. ಎದೆಯಿಂದ ಎದ್ದು ಬಂದದ್ದನ್ನು ಗಂಟಲಲ್ಲಿ ಹಿಡಿದಿಟ್ಟುಕೊಳ್ಳಿ. ಕಣ್ಣು ಹೊರಗೆ ಬರುತ್ತದೆ, ಮುಖ ಉರಿಯುತ್ತದೆ, ಇನ್ನೊಂದು ಕ್ಷಣ ಹೀಗೇ ಇದ್ದರೆ ಸತ್ತೇಹೋಗುತ್ತೇನೆ ಅನ್ನಿಸುತ್ತದೆ. ಆ ಕಾರ್ಖಾನೆಯ ಹೆಂಗಸರು ದಿನವೂ ಹಾಗೆ ಬದುಕುತ್ತಿದ್ದರು.

ಅದು ತಗಡಿನ ಮಾಡಿನ ಉದ್ದನೆಯ ಹಾಲ್. ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು, ಮುಂದೆ ಒಂದೊಂದು ಮಣೆ ಇಟ್ಟುಕೊಂಡು, ಬಿದಿರು ಕಡ್ಡಿಗೆ ಕಪ್ಪು ಹಿಟ್ಟು ಹೊಸೆಯುತ್ತಿದ್ದರು. ಹಿಟ್ಟು ಅಂಗೈಗೆ ಅಂಟಬಾರದೆಂದು ಮೇಲಿಂದ ಮೇಲೆ ಒಣ ಇದ್ದಿಲ ಪುಡಿ ಉದುರಿಸಿಕೊಳ್ಳುತ್ತಿದ್ದರು. ಗೋಡೆಯಲ್ಲಿ ಕಿಟಕಿಗಳಿದ್ದವು, ಆದರೆ ಎಲ್ಲಕ್ಕೂ ಹಲಗೆ ಹೊಡೆದಿತ್ತು. ಗಾಳಿ ಬಂದರೆ ಪುಡಿ ಹಾರುತ್ತದೆ, ಹಾರಿದ ಪುಡಿ ನಷ್ಟ ಎಂದು ಮಾಲೀಕ ಪಾಲನೇತ್ರಪ್ಪ ಹೇಳುತ್ತಿದ್ದ. ಒಳಗೇ ಉಳಿದ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಅವನು ಹೇಳಲಿಲ್ಲ. ಅವನನ್ನು ಕೇಳಿದವರೂ ಇಲ್ಲ.

ಕೆಮ್ಮಬಾರದು ಎಂಬ ಕಟ್ಟಳೆ ಬಂದದ್ದು ಸಣ್ಣಮ್ಮನಿಂದ. ಒಂದು ದಿನ ಹೊರಗಿನಿಂದ ಖರೀದಿದಾರರು ಕಾರ್ಖಾನೆ ನೋಡಲು ಬಂದಿದ್ದರು. ಅವರು ಹಾಲಿನ ನಡುವೆ ನಿಂತಿದ್ದಾಗ ಸಣ್ಣಮ್ಮ ಎಂಬ ಹೆಂಗಸು ಕೆಮ್ಮಿದಳು. ಒಂದು ಸಲ ಅಲ್ಲ. ನಿಲ್ಲಿಸಲಾಗದೆ, ಬಗ್ಗಿಕೊಂಡು, ಮಣೆಯ ಮೇಲೆ ಕೈಯೂರಿ ಕೆಮ್ಮಿದಳು. ಬಂದವರು ಹೋದ ಮೇಲೆ ಪಾಲನೇತ್ರಪ್ಪ ಅವಳ ಮುಂದೆ ನಿಂತು ಹೇಳಿದ.

"ಇದು ದೇವರ ಮುಂದೆ ಹಚ್ಚೋ ಬತ್ತಿ. ನೀನು ಅದರ ಮೇಲೆ ಕೆಮ್ಮಿದೀಯ. ಇಷ್ಟೂ ಎಂಜಲಾಯ್ತು. ಎಂಜಲು ಬತ್ತಿನ ಯಾವ ದೇವರಿಗೆ ಹಚ್ಚಲಿ ಹೇಳು."

ಸಣ್ಣಮ್ಮ ಅಂದೇ ಹೊರಗೆ ಹೋದಳು. ಎಂಜಲು ಎಂಬ ಮಾತು ಅವಳ ಹಿಂದೆಯೇ ಹೋಯಿತು. ಆ ಕೇರಿಯಲ್ಲಿ ಇನ್ನೂ ಬತ್ತಿ ಮಾಡುವ ಮನೆಗಳಿದ್ದವು. ಯಾರೂ ಅವಳನ್ನು ಕೂರಿಸಿಕೊಳ್ಳಲಿಲ್ಲ. ಅಂದಿನಿಂದ ಅವಳು ಮನೆಯ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಾಳೆ. ಕಾರ್ಖಾನೆಗೆ ಹೋಗುವ ದಾರಿ ಆ ಮೆಟ್ಟಿಲ ಮುಂದೆಯೇ ಹಾದು ಹೋಗುತ್ತದೆ. ಹೆಂಗಸರು ಅಲ್ಲಿಗೆ ಬಂದಾಗ ರಸ್ತೆಯ ಆಚೆ ಬದಿಗೆ ಸರಿದು, ಸೆರಗು ಸರಿಮಾಡಿಕೊಳ್ಳುವವರಂತೆ ತಲೆ ತಗ್ಗಿಸಿ ದಾಟುತ್ತಿದ್ದರು. ಅವಳ ಜೊತೆ ಮಾತಾಡಿದ್ದನ್ನು ಯಾರಾದರೂ ನೋಡಿದರೆ ತಮ್ಮನ್ನೂ ಕೆಮ್ಮಿನವಳು ಎಂದಾರು ಎಂಬ ಭಯ.

ಅವರಲ್ಲಿ ದೇವೀರಮ್ಮನೂ ಒಬ್ಬಳು. ಗಂಡ ಇಲ್ಲದ ಮನೆ. ಕಾಲೇಜಿಗೆ ಹೋಗುವ ಒಬ್ಬ ಮಗಳು. ಆ ಮಗಳು ತೊಟ್ಟಿಲಲ್ಲಿದ್ದಾಗ ದೇವೀರಮ್ಮ ಈ ಹಾಲಿನಲ್ಲಿ ಮಣೆಯ ಮುಂದೆ ಕೂತವಳು. ಅವಳಿಗೂ ಕೆಮ್ಮು ಶುರುವಾಗಿತ್ತು. ಸಣ್ಣಮ್ಮ ಹೊರಗೆ ಹೋದ ದಿನದಿಂದ ಅವಳು ಕೆಮ್ಮನ್ನು ನುಂಗಲು ಕಲಿತಳು. ತಡೆಯಲಾರದಾಗ ನೀರು ಕುಡಿಯುವ ನೆಪ ಹೇಳಿ ಹಿತ್ತಲ ನಲ್ಲಿಯ ಹತ್ತಿರ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅದರ ಸದ್ದಿನಲ್ಲಿ ಕೆಮ್ಮಿ ಬರುತ್ತಿದ್ದಳು. ಆದರೆ ನೀರು ಕುಡಿಯಲು ಒಬ್ಬ ಹೆಂಗಸು ಎಷ್ಟು ಸಲ ಎದ್ದುಹೋಗಬಹುದು? ಮೇಸ್ತ್ರಿ ಕೆಂಪರಾಜು ಅವಳು ಎದ್ದಾಗಲೆಲ್ಲ ನೋಡಲು ತೊಡಗಿದ್ದ. ಕೆಂಪರಾಜುವಿಗೆ ಹೆಂಗಸರು ಇಟ್ಟ ಹೆಸರು ಕಿವಿ. "ಕಿವಿ ಬಂತು" ಎಂದು ಯಾರಾದರೂ ಉಸುರಿದರೆ ಇಡೀ ಸಾಲು ಉಸಿರು ಬಿಗಿ ಹಿಡಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ಕಾರ್ಖಾನೆಗೆ ಲ್ಯಾಪ್‌ಟಾಪ್ ಬಂತು.

ಪೆಟ್ಟಿಗೆಗಳ ತೂಕ ನೋಡಿ, ಮೇಲೆ ಅಂಟಿಸುವ ಚೀಟಿ ಮುದ್ರಿಸಲು ಅದನ್ನು ತಂದರು. ದಸರಾ ಹಬ್ಬದ ದಿನ ಆಯುಧ ಪೂಜೆ ಮಾಡಿ, ಹಾಲಿನ ನಡುವೆ ಮೇಜು ಹಾಕಿ ಕೂರಿಸಿದರು. ಅದರ ಮುಂದೆ ಕೂತು ಚೀಟಿ ಮುದ್ರಿಸುವ ಕೆಲಸ ಕೆಂಪರಾಜುವಿನದು. ಪರದೆ ತೆರೆದರೆ ಲಕ್ಷ್ಮಿಯ ಚಿತ್ರ ಕಾಣುವಂತೆ ಪಾಲನೇತ್ರಪ್ಪ ಮಾಡಿಸಿದ್ದ. ಲಕ್ಷ್ಮಿ ಇರುವ ವಸ್ತುವನ್ನು ಬರೀ ಮರದ ಮೇಲೆ ಇಡುವುದು ಹೇಗೆ? ಕೆಂಪು ವೆಲ್ವೆಟ್ ದಿಂಬು ತಂದು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟ. ದಿಂಬಿಗೆ ಜರಿಯ ಅಂಚಿತ್ತು. ಆ ಹಾಲಿನಲ್ಲಿ ಮೆತ್ತನೆಯದು ಅಂತ ಇದ್ದದ್ದು ಅದೊಂದೇ.

ಮೊದಲು ಅದು ಸದ್ದೇ ಮಾಡುತ್ತಿರಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಗುಂಯ್ ಎನ್ನತೊಡಗಿತು. ಮಳೆಗಾಲದಲ್ಲಿ ಹಿಟ್ಟಿನ ಗಿರಣಿಯಂತೆ ಕೂಗತೊಡಗಿತು. ಅದರೊಳಗೆ ಒಂದು ಪುಟ್ಟ ಫ್ಯಾನು ಇರುತ್ತದೆ ಮಕ್ಕಳೇ. ಒಳಗೆ ಬಿಸಿಯಾದಾಗ ಅದು ತಿರುಗಿ ಬಿಸಿಗಾಳಿಯನ್ನು ಹೊರಗೆ ತಳ್ಳುತ್ತದೆ. ಬಿಸಿ ಹೆಚ್ಚಾದಷ್ಟೂ ಜೋರಾಗಿ ತಿರುಗುತ್ತದೆ. ಅಂದರೆ ಅದು ಗಲಾಟೆ ಮಾಡುತ್ತಿಲ್ಲ, ಸಾಯದಿರಲು ಒದ್ದಾಡುತ್ತಿದೆ. ಆ ಹಾಲಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿಲ್ಲದಿದ್ದರೂ ದೇವೀರಮ್ಮ ಒಂದು ಉಪಯೋಗ ಕಂಡುಕೊಂಡಳು. ಲ್ಯಾಪ್‌ಟಾಪ್ ಕೂಗುತ್ತಿತ್ತು, ಸ್ವಲ್ಪ ಹೊತ್ತು ತಣ್ಣಗಾಗುತ್ತಿತ್ತು, ಮತ್ತೆ ಕೂಗುತ್ತಿತ್ತು. ಅದು ಕೂಗುವವರೆಗೆ ಕೆಮ್ಮನ್ನು ಗಂಟಲಲ್ಲಿ ಹಿಡಿದಿಟ್ಟು, ಕೂಗಿದ ಕೂಡಲೇ ಸೆರಗಿನ ಒಳಗೆ ಕೆಮ್ಮಿಬಿಡುತ್ತಿದ್ದಳು. ಯಾರಿಗೂ ಕೇಳುತ್ತಿರಲಿಲ್ಲ. ಆಮೇಲೆ ಮಣೆಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ಪಕ್ಕದ ಮಣೆಯ ನೂರ್‌ಜಹಾನ್ ಕೇಳಿದಳು. "ಅಲ್ಲಿ ಅಷ್ಟು ಸೆಕೆ. ಹೋಗಿ ಹೋಗಿ ಅದರ ಬುಡದಲ್ಲೇ ಕೂತ್ಕೋತೀಯಲ್ಲ ದೇವೀರಕ್ಕ. ಅದೇನು ನಿನಗೆ ಹಾಡು ಹೇಳ್ತದಾ?"

"ಹೂಂ, ಹೇಳ್ತದೆ. ನಿನಗೇನು ಹೊಟ್ಟೆಕಿಚ್ಚು?" ಎಂದಳು ದೇವೀರಮ್ಮ.

"ನನಗ್ಯಾಕೆ ಹೊಟ್ಟೆಕಿಚ್ಚು. ನಾನೂ ಬರ್ತೀನಿ ಸರಿ," ಎಂದು ನೂರ್‌ಜಹಾನ್ ಕೂಡ ತನ್ನ ಮಣೆಯನ್ನು ಎಳೆದುಕೊಂಡು ಬಂದಳು. ದೇವೀರಮ್ಮ ನಕ್ಕಳು. ಯಾಕೆ ಬಂದಳು ಎಂದು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಭಯ ಹಿಡಿದವರಿಗೆ ಪಕ್ಕದವರ ಮುಖ ಕಾಣುವುದಿಲ್ಲ.

ಇತ್ತ ಪಾಲನೇತ್ರಪ್ಪನಿಗೆ ಆ ಸದ್ದು ಅಪಶಕುನವಾಗಿ ಕೇಳತೊಡಗಿತು. ಲಕ್ಷ್ಮಿ ಇರುವ ಯಂತ್ರ ಹೀಗೆ ಗೋಳಾಡಿದರೆ ಒಳ್ಳೆಯದಲ್ಲ ಎಂದು, ತನ್ನದೇ ಕಾರ್ಖಾನೆಯ ಬತ್ತಿಗಳನ್ನು ಗೊಂಚಲಾಗಿ ಹಚ್ಚಿ ಅದರ ಪಕ್ಕದಲ್ಲಿಟ್ಟ. ಸದ್ದು ಹೆಚ್ಚಾಯಿತು. ಬತ್ತಿಯನ್ನೂ ಹೆಚ್ಚು ಮಾಡಿದ. ಒಂದು ದಿನ ಬತ್ತಿಯ ಗೊಂಚಲನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಸರಿಸಿ ಇಟ್ಟಾಗ ಹೊಗೆ ನೇರವಾಗಿ ಅದರ ಅಡಿಗೆ ಹೋಗಿ ಮಾಯವಾಯಿತು.

"ನೋಡಿದ್ಯಾ ಕೆಂಪರಾಜು," ಎಂದ ಪಾಲನೇತ್ರಪ್ಪ, ಕೈಮುಗಿದು. "ತಗೊಳ್ತು. ಸೇವೆ ಒಪ್ಪಿಸಿಕೊಳ್ತು."

"ಒಪ್ಪಿಸಿಕೊಳ್ತು ಯಜಮಾನ್ರೆ," ಎಂದ ಕೆಂಪರಾಜು.

ಒಪ್ಪಿಸಿಕೊಂಡದ್ದು ಫ್ಯಾನು. ಅದು ಗಾಳಿ ಸಿಗದೆ, ಇದ್ದಿಲ ಪುಡಿಯನ್ನೂ ಹೊಗೆಯನ್ನೂ ಎಳೆದುಕೊಳ್ಳುತ್ತಿತ್ತು. ಹಬ್ಬದ ಮಾಲು ಹೋಗಬೇಕಾದ ವಾರ ಲ್ಯಾಪ್‌ಟಾಪ್ ಮೈಮುಟ್ಟಲಾಗದಷ್ಟು ಕಾದು ತಾನಾಗಿಯೇ ಆರಿಹೋಯಿತು. ತಣ್ಣಗಾದ ಮೇಲೆ ಆನ್ ಮಾಡಿದರು. ಮತ್ತೆ ಕಾದು ಆರಿತು. ಚೀಟಿ ಇಲ್ಲದೆ ಪೆಟ್ಟಿಗೆ ಹೊರಗೆ ಹೋಗುವಂತಿಲ್ಲ. ಹಾಲಿನ ತುಂಬ ಪೆಟ್ಟಿಗೆಗಳು ಬಿದ್ದವು. ಪಾಲನೇತ್ರಪ್ಪ ಬೈದ, ಕೆಂಪರಾಜು ಅದರ ಬೆನ್ನಿಗೆ ಬಡಿದ, ಕೊನೆಗೆ ಪೇಟೆಯಿಂದ ರಿಪೇರಿಯವನನ್ನು ಕರೆಸಿದರು.

ಅವನ ಹೆಸರು ಸಂಪತ್. ಹಾಲಿಗೆ ಕಾಲಿಟ್ಟವನೇ ಜೇಬಿನಿಂದ ಮಾಸ್ಕ್ ತೆಗೆದು ಮೂಗಿಗೆ ಕಟ್ಟಿಕೊಂಡ. ಬಾಯಿ ನಿಲ್ಲದ ಹುಡುಗಾಟದ ಮನುಷ್ಯ. ಲ್ಯಾಪ್‌ಟಾಪ್ ಎತ್ತಿ ಅಡಿಭಾಗ ನೋಡಿ ನಗತೊಡಗಿದ.

"ಸಾರ್, ಇದಕ್ಕೆ ಮೂಗು ಇರೋದು ಅಡೀಲಿ. ಇಲ್ಲಿ ಜಾಲರಿ ಇದೆ ನೋಡಿ, ಇದರಲ್ಲೇ ಉಸಿರಾಡೋದು. ನೀವು ಮೂಗಿನ ಮೇಲೆ ವೆಲ್ವೆಟ್ ದಿಂಬು ಇಟ್ಟು ಒತ್ತಿದೀರಿ. ಸಿನಿಮಾದಲ್ಲಿ ಕೊಲೆ ಮಾಡ್ತಾರಲ್ಲ, ಹಂಗೆ."

ಪಾಲನೇತ್ರಪ್ಪನಿಗೆ ನಗು ಬರಲಿಲ್ಲ. "ಸದ್ದು ನಿಲ್ಲುತ್ತಾ ಇಲ್ವಾ, ಅಷ್ಟು ಹೇಳು," ಎಂದು ಹೊರಗೆ ಲಾರಿಯವನಿಗೆ ಫೋನು ಮಾಡಲು ಹೋದ.

ಸಂಪತ್ ಸ್ಕ್ರೂ ಬಿಚ್ಚುವಾಗ ಹತ್ತಿರ ಕೂತಿದ್ದ ದೇವೀರಮ್ಮನ ಕೈ ಮಣೆಯ ಮೇಲೆ ನಿಂತಿತ್ತು. ಅವಳು ತಲೆ ಎತ್ತದೆ, ಸಣ್ಣ ದನಿಯಲ್ಲಿ ಕೇಳಿದಳು.

"ಅಣ್ಣ, ಸದ್ದು ಪೂರ್ತಿ ಹೋಗ್ತದಾ?"

"ಪೂರ್ತಿ. ಇದೆಯೋ ಇಲ್ವೋ ಅನ್ನೋ ಹಂಗಾಗುತ್ತೆ."

"ಸ್ವಲ್ಪ ಉಳಿಸಕ್ಕೆ ಆಗಲ್ವಾ?"

ಸಂಪತ್ ಕೈ ನಿಲ್ಲಿಸಿ ಅವಳನ್ನು ನೋಡಿದ. "ಎಲ್ಲಾರೂ ಸದ್ದು ಹೋಗ್ಲಿ ಅಂತ ಕರೀತಾರೆ. ನೀವೊಬ್ಬರೇ ಉಳಿಸು ಅಂದೋರು. ಯಾಕಮ್ಮ?"

"ಏನಿಲ್ಲ. ಅಭ್ಯಾಸ ಆಗಿತ್ತು."

ಅವನು ಹಿಂಭಾಗದ ಮುಚ್ಚಳ ತೆಗೆದ. ಒಳಗೆ ಫ್ಯಾನು ಕಾಣಲೇ ಇಲ್ಲ. ಅದರ ಜಾಗದಲ್ಲಿ ಕಪ್ಪು ಕಂಬಳಿಯ ತುಂಡಿನಂಥದ್ದು ಕೂತಿತ್ತು. ಚಿಮುಟದಿಂದ ಹಿಡಿದು ಎಳೆದಾಗ ಅದು ಹರಿಯದೆ, ಪೂರ್ತಿಯಾಗಿ, ಚರ್ಮ ಸುಲಿದಂತೆ ಎದ್ದು ಬಂತು. ಅಂಗೈ ಅಗಲ ಇತ್ತು. ಫ್ಯಾನಿನ ರೆಕ್ಕೆಗಳ ಗುರುತು ಅದರ ಮೇಲೆ ಅಚ್ಚೊತ್ತಿತ್ತು.

"ಇದನ್ನ ತಂದು ಎಷ್ಟು ವರ್ಷ ಆಯ್ತು?" ಎಂದು ಸಂಪತ್ ಕೆಂಪರಾಜುವನ್ನು ಕೇಳಿದ.

"ವರ್ಷ ಎಲ್ಲಿ ಬಂತು. ಹೋದ ದಸರಾಕ್ಕೆ ತಂದಿದ್ದು. ಈ ದಸರಾ ಇನ್ನೂ ಬಂದಿಲ್ಲ."

"ವರ್ಷ ಆಗಿಲ್ಲ, ಇಷ್ಟಾ? ಸಾಯ್ಲಿಲ್ಲವಲ್ಲ ಇದು, ಪುಣ್ಯ." ಅವನು ಆ ತುಂಡನ್ನು ನೆಲಕ್ಕೆ ಬಿಸಾಡಿದ. ಅದು ದೇವೀರಮ್ಮನ ಮಣೆಯ ಪಕ್ಕ ಬಿತ್ತು.

ದೇವೀರಮ್ಮ ಅದನ್ನು ನೋಡುತ್ತ ಕೂತಳು. ಇದು ಬಂದು ಒಂದು ವರ್ಷವೂ ಆಗಿಲ್ಲ. ನಾನು ಬಂದಾಗ ಮಗಳಿಗೆ ಹಲ್ಲು ಬಂದಿರಲಿಲ್ಲ. ಅವಳು ಈ ಮಾತನ್ನು ಮನಸ್ಸಿನಲ್ಲಿ ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡಲು ಹೆದರಿಕೆಯಾಯಿತು. ಯಾರೂ ನೋಡದಾಗ ಆ ತುಂಡನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕೆಟ್ಟ ಕನಸು ಬಿದ್ದಾಗ ಎದ್ದು ಬಾಗಿಲ ಚಿಲಕ ಮುಟ್ಟಿ ನೋಡುತ್ತೇವಲ್ಲ, ಹಾಗೆ ದಾರಿಯುದ್ದಕ್ಕೂ ಆ ಗಂಟನ್ನು ಮುಟ್ಟಿ ನೋಡಿಕೊಂಡು ಮನೆಗೆ ಹೋದಳು.

ಹೋಗುವ ಮೊದಲು ಸಂಪತ್ ಪಾಲನೇತ್ರಪ್ಪನಿಗೆ ಹೇಳಿದ್ದಿಷ್ಟು. "ಇಂಥ ಧೂಳಲ್ಲಿ ಇದು ಬದುಕಲ್ಲ ಸಾರ್. ಸುತ್ತ ಗಾಜು ಹಾಕ್ಸಿ, ಗಾಳಿ ಬರೋ ಕಡೆ ಇಡಿ."

ಪಾಲನೇತ್ರಪ್ಪ ಒಂದು ಮಾತೂ ಎದುರಾಡಲಿಲ್ಲ. ಮಾರನೆಯ ದಿನ ಬೆಳಗ್ಗೆ ಹೆಂಗಸರು ಬರುವಷ್ಟರಲ್ಲಿ ಹಾಲಿನ ಮೂಲೆಯಲ್ಲಿ ಗಾಜಿನ ಪುಟ್ಟ ಕೋಣೆ ಎದ್ದಿತ್ತು. ಆ ಮೂಲೆಯ ಒಂದು ಕಿಟಕಿಯ ಹಲಗೆ ಕಿತ್ತಿದ್ದರು. ಗಾಜಿನ ಒಳಗೆ ಮಾತ್ರ ಗಾಳಿ ಬರುತ್ತಿತ್ತು. ಒಳಗೆ ದಿಂಬಿಲ್ಲದ ಮೇಜಿನ ಮೇಲೆ ಲ್ಯಾಪ್‌ಟಾಪ್ ತಣ್ಣಗೆ ಕೂತಿತ್ತು. ಕೇಳಿಸಿಕೊಳ್ಳಿ ಮಕ್ಕಳೇ. ವರ್ಷಾನುಗಟ್ಟಲೆ ಮುಚ್ಚಿದ್ದ ಕಿಟಕಿ ಒಂದು ಯಂತ್ರಕ್ಕಾಗಿ ಬೆಳಗಾಗುವುದರಲ್ಲಿ ತೆರೆಯಿತು. ಅದು ಬೇಡಿಕೊಂಡಿತ್ತೇ? ಅರ್ಜಿ ಬರೆದಿತ್ತೇ? ಇಲ್ಲ. ಕೂಗಿತ್ತು, ಕೆಲಸ ನಿಲ್ಲಿಸಿತ್ತು.

ಕೆಲಸ ಶುರುವಾಯಿತು. ಹಾಲಿನಲ್ಲಿ ಸದ್ದಿಲ್ಲ. ಮಣೆಯ ಮೇಲೆ ಕಡ್ಡಿ ಉರುಳುವ ಸರಸರ ಮಾತ್ರ ಕೇಳುತ್ತಿತ್ತು. ದೇವೀರಮ್ಮನಿಗೆ ತನ್ನ ಉಸಿರು ತನಗೇ ಕೇಳಿಸಿತು. ಒಳಗೆ ಎಲ್ಲೋ ಸೀಳಿದ ಪೀಪಿಯಂತೆ ಅದು ಕುಯ್ಯೆನ್ನುತ್ತಿತ್ತು. ಇದು ಪಕ್ಕದವರಿಗೂ ಕೇಳುತ್ತಿರಬಹುದೇ? ಕೆಂಪರಾಜು ಗಾಜಿನ ಕೋಣೆಯಿಂದ ಹೊರಗೆ ಬಂದು ಸಾಲುಗಳ ನಡುವೆ ನಡೆಯತೊಡಗಿದ. ಬಾಗಿಲ ಹೊರಗೆ ಲಾರಿ ಬಂದು ನಿಂತಿತ್ತು. ಚೀಟಿ ಅಂಟಿಸಿದ ಪೆಟ್ಟಿಗೆಗಳನ್ನು ಅದಕ್ಕೆ ಏರಿಸುತ್ತಿದ್ದರು.

ಕೆಮ್ಮು ಬಂತು.

ಅವಳು ಅದನ್ನು ನುಂಗಿದಳು. ಅದು ಮತ್ತೆ ಎದ್ದಿತು. ನಾಲಿಗೆ ಕಚ್ಚಿದಳು. ಕಣ್ಣಲ್ಲಿ ನೀರು ತುಂಬಿ ಮಣೆ ಮಸುಕಾಯಿತು. ಮೆಟ್ಟಿಲ ಮೇಲೆ ಕೂತ ಸಣ್ಣಮ್ಮ ಕಣ್ಣ ಮುಂದೆ ಬಂದಳು, ಆಮೇಲೆ ಅದೇ ಮೆಟ್ಟಿಲ ಮೇಲೆ ಕೂತ ತಾನು, ತನ್ನನ್ನು ಕಂಡು ರಸ್ತೆ ದಾಟುವ ನೂರ್‌ಜಹಾನ್. ಹಾಗೆ ನೆನೆದು ಅವಳು ನೂರ್‌ಜಹಾನಳ ಕಡೆ ತಿರುಗಿದಳು.

ನೂರ್‌ಜಹಾನ್ ಸೆರಗಿನ ಉಂಡೆಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳ ಕುತ್ತಿಗೆಯ ನರಗಳು ಉಬ್ಬಿದ್ದವು. ಭುಜ ಸದ್ದಿಲ್ಲದೆ ಕುಣಿಯುತ್ತಿತ್ತು.

ದೇವೀರಮ್ಮ ಅವಳಾಚೆಗೆ ನೋಡಿದಳು. ಅಲ್ಲಿ ಒಬ್ಬಳು ಕಣ್ಣು ಮುಚ್ಚಿ ಗಂಟಲು ಒತ್ತಿ ಹಿಡಿದಿದ್ದಳು. ಅವಳಾಚೆ ಇನ್ನೊಬ್ಬಳು ಮೊಣಕಾಲಿಗೆ ಮುಖ ಹುದುಗಿಸಿದ್ದಳು. ಸಾಲಿನ ಕೊನೆಯವರೆಗೂ ಹಾಗೆಯೇ. ಎಲ್ಲರೂ ಆ ಫ್ಯಾನಿನ ಹಿಂದೆ ಅಡಗಿ ಕೆಮ್ಮಿದವರೇ. ನನಗೊಬ್ಬಳಿಗೇ ಈ ರೋಗ ಎಂದು ಒಬ್ಬೊಬ್ಬಳೂ ಹೆದರಿದ್ದಳು.

ಅಷ್ಟರಲ್ಲಿ ದೇವೀರಮ್ಮನ ಗಂಟಲು ಸೋತಿತು. ಒಂದೇ ಕೆಮ್ಮು. ಇಡೀ ಹಾಲಿಗೆ ಕೇಳಿತು.

ಕೆಂಪರಾಜು ಬೇರೆ ಸಾಲಿನಲ್ಲಿದ್ದ. ಥಟ್ಟನೆ ತಿರುಗಿದ. "ಯಾರದು?"

ಯಾರೂ ತಲೆ ಎತ್ತಲಿಲ್ಲ. ಅವನು ಒಬ್ಬೊಬ್ಬರ ಮುಖ ನೋಡುತ್ತ ಬಂದ. ಅವನ ಚಪ್ಪಲಿ ದೇವೀರಮ್ಮನ ಮಣೆಯ ಮುಂದೆ ನಿಂತಿತು. ಚಪ್ಪಲಿ ಮುಂದೆ ಹೋಗಿ ನೂರ್‌ಜಹಾನಳ ಮುಂದೆ ನಿಂತಿತು.

"ಸೆರಗು ತೆಗಿ ಬಾಯಿಂದ."

ನೂರ್‌ಜಹಾನ್ ತೆಗೆಯಲಿಲ್ಲ. ತೆಗೆದರೆ ಕೆಮ್ಮು ಬರುತ್ತಿತ್ತು.

"ನೀನೇ. ಕಣ್ಣಲ್ಲಿ ನೀರು ಬಂದೈತೆ. ಎದ್ದೇಳು. ಮಣೆ ಅಲ್ಲೇ ಬಿಡು, ಚೀಲ ತಗೊಂಡು ನಡಿ."

ದೇವೀರಮ್ಮ ಸುಮ್ಮನಿದ್ದರೆ ತನ್ನ ಕೆಲಸ ಉಳಿಸಿಕೊಳ್ಳುತ್ತಿದ್ದಳು. ಇಂದು, ಬಹುಶಃ ಮುಂದಿನ ತಿಂಗಳವರೆಗೂ. ನೂರ್‌ಜಹಾನ್ ಎದ್ದು ಗೋಡೆಗೆ ತೂಗುಹಾಕಿದ್ದ ಚೀಲಕ್ಕೆ ಕೈಚಾಚುವವರೆಗೂ ದೇವೀರಮ್ಮ ಸುಮ್ಮನೇ ಇದ್ದಳು. ಅವಳನ್ನು ಬಯ್ಯಬೇಡಿ. ಭಯದ ತೂಕ ಹೊತ್ತವರಿಗೇ ಗೊತ್ತು.

ಆಮೇಲೆ ಹೇಳಿದಳು. "ಅವಳಲ್ಲ. ಕೆಮ್ಮಿದ್ದು ನಾನು."

ಮಾತಿನ ಜೊತೆಗೇ ಕೆಮ್ಮು ನುಗ್ಗಿತು. ಈ ಸಲ ಅವಳು ತಡೆಯಲಿಲ್ಲ. ಎದೆ ಹಿಡಿದುಕೊಂಡು, ಬಗ್ಗಿ, ಸಣ್ಣಮ್ಮನ ಹಾಗೆಯೇ ಕೆಮ್ಮಿದಳು.

"ನಾನೂ," ಎಂದು ಸೆರಗು ಕಿತ್ತು ನೂರ್‌ಜಹಾನ್ ಕೆಮ್ಮಿದಳು. ಅದು ಧೈರ್ಯವೋ, ಇನ್ನು ತಡೆಯಲಾಗದೆ ಬಂದದ್ದೋ ಯಾರು ಬಲ್ಲರು. ಅವಳಾಚೆಯವಳು ಕೆಮ್ಮಿದಳು. ಅವಳಾಚೆಯವಳು ಕೆಮ್ಮಿದಳು. ಕಟ್ಟೆ ಒಡೆದಂತೆ ಸಾಲಿನಿಂದ ಸಾಲಿಗೆ ಹಬ್ಬಿ, ಇಡೀ ಹಾಲ್ ಕೆಮ್ಮಿತು. ತಗಡಿನ ಮಾಡು ನಡುಗಿತು. ಮಕ್ಕಳೇ, ಅದು ಕೇಳಲು ಚೆಂದದ ಸದ್ದಲ್ಲ. ಹರಿದ ಚೀಲಗಳನ್ನು ಯಾರೋ ಇನ್ನಷ್ಟು ಹರಿದಂತೆ ಇತ್ತು. ಕೆಮ್ಮುತ್ತಿದ್ದ ಹೆಂಗಸರೇ ಅದನ್ನು ಕೇಳಿ ಹೆದರಿದರು. ಇಷ್ಟೊಂದು ಎದೆಗಳು ಹೀಗಾಗಿವೆ ಎಂದು ಅವರಿಗೆ ಮೊದಲ ಸಲ ಗೊತ್ತಾಯಿತು.

ಕೆಂಪರಾಜು ನಿಲ್ಲಿಸಿ ಎನ್ನಲು ಬಾಯಿ ತೆರೆದ. ಗೋಡೆಯ ಕಡೆ ತಿರುಗಿ, ಕರ್ಚೀಫು ಬಾಯಿಗೆ ಒತ್ತಿ, ಅವನೂ ಕೆಮ್ಮಿದ. ಕರ್ಚೀಫು ತೆಗೆದಾಗ ಅದರ ಮೇಲೆ ಕಪ್ಪು ಕಲೆ ಇತ್ತು. ಅದನ್ನು ಮುಂದಿನ ಸಾಲಿನವರು ನೋಡಿದರು. ಅವರು ನೋಡಿದ್ದನ್ನು ಅವನೂ ನೋಡಿದ. ಕಿವಿ ಎಂದು ಹೆಸರಾದವನು ಇಷ್ಟು ದಿನ ಫ್ಯಾನಿನ ಪಕ್ಕದಲ್ಲೇ ಕೂತು ಯಾಕೆ ಕದಲುತ್ತಿರಲಿಲ್ಲ ಎಂದು ಎಲ್ಲರಿಗೂ ಅರ್ಥವಾಯಿತು.

ಸದ್ದು ಕೇಳಿ ಪಾಲನೇತ್ರಪ್ಪ ಹೊರಗಿನಿಂದ ಓಡಿ ಬಂದ. ಅವನ ಹಿಂದೆ ಲಾರಿ ಡ್ರೈವರೂ ಪೆಟ್ಟಿಗೆ ಹೊರುವವರೂ ಬಂದು ಬಾಗಿಲಲ್ಲಿ ನಿಂತರು.

"ಏನಿದು? ಅಷ್ಟೂ ಬತ್ತಿ ಎಂಜಲು ಮಾಡಿದ್ರಲ್ರೇ," ಎಂದ ಪಾಲನೇತ್ರಪ್ಪ. "ಯಾರು ಶುರು ಮಾಡಿದ್ದು? ಎಲ್ಲಾರನ್ನೂ ಕಳಿಸ್ತೀನಿ. ನಿಮ್ಮನ್ನ ಬಿಟ್ಟರೆ ಜನ ಇಲ್ವಾ ನನಗೆ?"

ದೇವೀರಮ್ಮ ಎದ್ದು ನಿಂತಳು. ಸೆರಗಿನ ಗಂಟು ಬಿಚ್ಚಿ, ಆ ಕಪ್ಪು ತುಂಡನ್ನು ಅವನ ಮುಂದಿನ ಪೆಟ್ಟಿಗೆಯ ಮೇಲೆ ಇಟ್ಟಳು.

"ಇದು ನಿಮ್ಮ ಲ್ಯಾಪ್‌ಟಾಪಿನ ಎದೇಲಿ ಇದ್ದದ್ದು ಯಜಮಾನ್ರೆ. ಅದು ಇಲ್ಲಿಗೆ ಬಂದು ಒಂದು ವರ್ಷ ಆಗಿಲ್ಲ. ನಮ್ಮ ಎದೇಲಿ ಎಷ್ಟಿದೆಯೋ ನೀವೇ ನೋಡ್ಕೊಳ್ಳಿ. ಕಳಿಸೋದಾದ್ರೆ ಕಳಿಸಿ. ಆದ್ರೆ ಒಂದು ಮಾತು ತೀರ್ಮಾನ ಮಾಡಿ ಕಳಿಸಿ."

"ಏನು ತೀರ್ಮಾನ?"

"ಕೆಮ್ಮಿದ್ರೆ ಬತ್ತಿ ಎಂಜಲಾಯ್ತದೆ ಅಂದ್ರಲ್ಲ. ನಾವು ಇವತ್ತೊಂದೇ ದಿನ ಕೆಮ್ಮಿದ್ದಲ್ಲ. ಆ ಫ್ಯಾನು ಕೂಗಿದಾಗಲೆಲ್ಲ ಕೆಮ್ಮಿದೀವಿ. ಅದಕ್ಕಿಂತ ಮುಂಚೆ ಬಾಯಿ ಮುಚ್ಕೊಂಡು ಕೆಮ್ಮಿದೀವಿ. ಎಂಜಲು ಅಂದ್ರೆ ಹೋದ ಹಬ್ಬಕ್ಕೆ ಹೋದದ್ದೂ ಎಂಜಲು, ಈಗ ಲಾರಿಗೆ ಏರ್ತಾ ಇರೋದೂ ಎಂಜಲು, ಬೆಳಗ್ಗೆ ನೀವು ಲಕ್ಷ್ಮಿಗೆ ಹಚ್ಚಿದ್ದೂ ಎಂಜಲು. ಅಲ್ಲ ಅಂದ್ರೆ ಯಾವುದೂ ಅಲ್ಲ. ಎರಡರಲ್ಲಿ ಯಾವುದು ಅಂತ ಇಲ್ಲೇ, ಇವರ ಮುಂದೇನೇ ಹೇಳಿಬಿಡಿ."

ಬಾಗಿಲಲ್ಲಿದ್ದ ಡ್ರೈವರ್ ತಲೆ ಕೆರೆದುಕೊಂಡ.

"ಏನ್ ಯಜಮಾನ್ರೆ, ಲೋಡ್ ಮಾಡ್ಲಾ, ಇಳಿಸ್ಲಾ? ಎಂಜಲಾದ್ರೆ ಮೊದಲೇ ಹೇಳಿಬಿಡಿ. ಮಾಲು ತಗೊಳ್ಳೋ ದೇವಸ್ಥಾನದವರಿಗೆ ನಾನು ಏನಂತ ಉತ್ತರ ಕೊಡ್ಲಿ?"

ಈಗ ಹೆದರುವ ಸರದಿ ಪಾಲನೇತ್ರಪ್ಪನದು. ಅವನು ಹೆಂಗಸರನ್ನು ನೋಡಿದ. ಬೇರೆ ಜನ ತರಬಹುದು, ಆದರೆ ಬಾಗಿಲ ಹೊರಗೆ ಹೋದ ಮಾತನ್ನು ಹಿಂದಕ್ಕೆ ತರಲಾಗದು. ಸಣ್ಣಮ್ಮನ ಹಿಂದೆ ಅವನೇ ಅಟ್ಟಿದ್ದ ಮಾತು ಇಂದು ತಿರುಗಿ ಅವನ ಬಾಗಿಲಿಗೇ ಬಂದು ನಿಂತಿತ್ತು.

"ಎಂಜಲು ಗಿಂಜಲು ಏನಿಲ್ಲ," ಎಂದ ಅವನು ಕೊನೆಗೆ, ನೆಲ ನೋಡುತ್ತ. "ಕೆಮ್ಮು ಅಂದ್ರೆ ಕೆಮ್ಮು ಅಷ್ಟೇ. ಲೋಡ್ ಮಾಡು ಹೋಗು."

"ಹಂಗಾದ್ರೆ ಸಣ್ಣಮ್ಮನ್ನ ಯಾಕೆ ಕಳಿಸಿದ್ರಿ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಪಾಲನೇತ್ರಪ್ಪ ಲಾರಿಯ ಕಡೆ ತಿರುಗಿದ.

"ಕಿಟಕಿ," ಎಂದಳು ದೇವೀರಮ್ಮ. ಅವನ ಅಪ್ಪಣೆಗೆ ಕಾಯದೆ ಗಾಜಿನ ಕೋಣೆಯ ಹಿಂದಿನಿಂದ ಸುತ್ತಿಗೆ ತಂದವನು ಕೆಂಪರಾಜು. ಹಲಗೆಗಳು ಒಂದೊಂದಾಗಿ ಕಿತ್ತು ಬಿದ್ದವು. ಬಿಸಿಲು ಕೋಲಿನಂತೆ ಒಳಗೆ ನುಗ್ಗಿತು. ಆ ಬಿಸಿಲಿನಲ್ಲಿ ಹೆಂಗಸರು ತಾವು ಇಷ್ಟು ಕಾಲ ಉಸಿರಾಡಿದ್ದೇನು ಎಂಬುದನ್ನು ಕಣ್ಣಾರೆ ಕಂಡರು. ಅದು ಕಪ್ಪಾಗಿ, ದಟ್ಟವಾಗಿ, ಜೀವ ಇರುವಂತೆ ಸುತ್ತುತ್ತಿತ್ತು. ಯಾರೂ ಗೆದ್ದೆವೆಂದು ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಸೆರಗನ್ನು ಮೂಗಿಗೆ ಒತ್ತಿಕೊಂಡು ನೋಡುತ್ತ ನಿಂತರು.

ಕಿಟಕಿ ತೆರೆಯಿತು, ಕಟ್ಟಳೆ ಸತ್ತಿತು. ಕೆಮ್ಮು ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಬಿಚ್ಚಿ ಕಪ್ಪು ತುಂಡು ತೆಗೆದಂತೆ ಮನುಷ್ಯರ ಎದೆ ಬಿಚ್ಚಿ ತೆಗೆಯುವ ರಿಪೇರಿಯವನು ಯಾವ ಪೇಟೆಯಲ್ಲೂ ಇಲ್ಲ. ಇದನ್ನು ನಿಮಗೆ ಸಿಹಿ ಮಾಡಿ ಹೇಳಲಾರೆ. ಅವರು ತಡವಾಗಿ ಕೆಮ್ಮಿದರು.

ಆ ಸಂಜೆ ಮನೆಗೆ ಹೋಗುವಾಗ ಹೆಂಗಸರು ರಸ್ತೆಯ ಆಚೆ ಬದಿಗೆ ಸರಿಯಲಿಲ್ಲ. ಸಣ್ಣಮ್ಮನ ಮೆಟ್ಟಿಲ ಮುಂದೆ ನಿಂತರು. ಇಷ್ಟು ಜನ ಒಟ್ಟಿಗೆ ನಿಂತದ್ದು ಕಂಡು ಅವಳಿಗೆ ಗಾಬರಿಯಾಯಿತು. ಜಗಳಕ್ಕೆ ಬಂದರೇನೋ ಎಂದು ಎದ್ದು ಒಳಗೆ ಹೋಗಲು ಗೋಡೆ ಹಿಡಿದುಕೊಂಡಳು.

"ಕೂತ್ಕೊಳೇ," ಎಂದು ದೇವೀರಮ್ಮ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಅಷ್ಟರಲ್ಲಿ ಕೆಮ್ಮು ಬಂತು, ಕೆಮ್ಮಿದಳು.

ಸಣ್ಣಮ್ಮ ಅವಳ ಕಡೆ ತಿರುಗಿದಳು. "ನಿನಗೂನಾ?" ಎಂದಳು. "ಆವತ್ತು ಯಾಕೆ ಹೇಳ್ಲಿಲ್ಲ?"

ನೀತಿ: ಕೂಗಿದ ಯಂತ್ರಕ್ಕೆ ಗಾಳಿ ಸಿಕ್ಕಿತು, ಕೂಗನ್ನು ನುಂಗಿದ ಮನುಷ್ಯರಿಗೆ ಧೂಳು ಸಿಕ್ಕಿತು. ನಿಮ್ಮ ಲ್ಯಾಪ್‌ಟಾಪ್ ಸದ್ದು ಮಾಡಿದರೆ ಅದರ ಬಾಯಿ ಮುಚ್ಚಿಸಬೇಡಿ, ಮೂಗು ಬಿಡಿಸಿ. ನಿಮ್ಮ ಪಕ್ಕದವರು ಸದ್ದು ಮಾಡಿದರೂ ಅಷ್ಟೇ. ನಿಮ್ಮ ನೋವನ್ನು ಇನ್ನೊಂದರ ಸದ್ದಿನ ಹಿಂದೆ ಬಚ್ಚಿಡಬೇಡಿ, ಆ ಸದ್ದು ಒಂದು ದಿನ ನಿಲ್ಲುತ್ತದೆ. ಒಬ್ಬಳು ಕೆಮ್ಮಿದಾಗ ಎಂಜಲು ಎಂದವರು ಎಲ್ಲರೂ ಕೆಮ್ಮಿದಾಗ ಕಿಟಕಿ ತೆರೆಯುತ್ತಾರೆ. ಆದ್ದರಿಂದ ಮೊದಲನೆಯವಳು ಕೆಮ್ಮಿದ ದಿನವೇ ಕೆಮ್ಮಿ.